ಲೆಕ್ಕದಲ್ಲಿ ಕಂಡ ಹರಳು

ನೀರು ತಣ್ಣಗಾದರೆ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಕಾಯಿಸಿದರೆ ಆವಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಲ್ಲಿಯೂ ನೀರಿನ ಅಣು ಒಂದೇ. ಬದಲಾಗುವುದು ಅಣುಗಳ ಪರಸ್ಪರ ಸಂಬಂಧ ಮಾತ್ರ. ಮಂಜುಗಡ್ಡೆಯಲ್ಲಿ ಅವು ಸಾಲುಸಾಲಾಗಿ ತಮ್ಮ ತಮ್ಮ ಸ್ಥಾನಗಳಲ್ಲಿ ನಿಲ್ಲುತ್ತವೆ, ನೀರಿನಲ್ಲಿ ಒಂದನ್ನೊಂದು ಒತ್ತರಿಸಿಕೊಂಡು ಹರಿದಾಡುತ್ತವೆ, ಆವಿಯಲ್ಲಿ ಚದುರಿಹೋಗುತ್ತವೆ. ಹಾಗಾದರೆ ತಾಮ್ರದ ತಂತಿಯೊಳಗೆ ವಿದ್ಯುತ್ತನ್ನು ಹೊತ್ತು ಸಾಗುವ ಎಲೆಕ್ಟ್ರಾನುಗಳಿಗೂ ಇಂತಹ ಬೇರೆ ಬೇರೆ ಸ್ಥಿತಿಗಳುಂಟೆ? ಹರಿದಾಡುವುದೇ ಸ್ವಭಾವವೆಂಬಂತೆ ತೋರುವ ಈ ಕಣಗಳು ಎಂದಾದರೂ ಸಾಲುಗಟ್ಟಿ ನಿಂತು ಹರಳಾಗಬಲ್ಲವೆ? ಈ ಪ್ರಶ್ನೆಗೆ ಯಾವ ಉಪಕರಣದ ನೆರವೂ ಇಲ್ಲದೆ, ಲೆಕ್ಕದ ಬಲದಿಂದಲೇ ಉತ್ತರವನ್ನು ಕಂಡುಕೊಂಡವರು ಯುಜೀನ್ ವಿಗ್ನರ್. ಅವರು ಉತ್ತರವನ್ನು ಹೇಳಿದ್ದು ೧೯೩೪ರಲ್ಲಿ. ಆ ಹರಳಿನ ನೇರವಾದ ಚಿತ್ರ ವಿಜ್ಞಾನಿಗಳಿಗೆ ದೊರೆತದ್ದು ತೊಂಬತ್ತು ವರ್ಷಗಳ ಅನಂತರ.

ಯುಜೀನ್ ಪಾಲ್ ವಿಗ್ನರ್ ೧೯೦೨ರ ನವೆಂಬರ್ ೧೭ರಂದು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಹಂಗೆರಿಯ ಭಾಷೆಯಲ್ಲಿ ಅವರ ಹೆಸರು ಯೆನೋ. ತಂದೆ ಆಂಟಲ್ ವಿಗ್ನರ್ ಚರ್ಮ ಹದಮಾಡುವ ಕಾರ್ಖಾನೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಯಹೂದಿ ಮೂಲದ ಈ ಕುಟುಂಬ ಅನುಕೂಲಸ್ಥವಾಗಿತ್ತು. ಮೂವರು ಮಕ್ಕಳಲ್ಲಿ ಯುಜೀನ್ ನಡುವಿನವನು; ಅವನಿಗೆ ಒಬ್ಬಳು ಅಕ್ಕ, ಒಬ್ಬಳು ತಂಗಿ. ಹುಡುಗ ಸಂಕೋಚದ ಸ್ವಭಾವದವನು; ಮಾತು ಕಡಿಮೆ, ಯೋಚನೆ ಹೆಚ್ಚು.

ಯುಜೀನನಿಗೆ ಹನ್ನೊಂದು ವರ್ಷವಾಗಿದ್ದಾಗ ವೈದ್ಯರು ಅವನಿಗೆ ಕ್ಷಯರೋಗ ತಗುಲಿದೆಯೆಂದು ಹೇಳಿದರು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಒಳ್ಳೆಯ ಗಾಳಿ ಮತ್ತು ವಿಶ್ರಾಂತಿಗಳೇ ಚಿಕಿತ್ಸೆ. ತಾಯಿ ಮಗನನ್ನು ಆಸ್ಟ್ರಿಯದ ಬೆಟ್ಟಗಳ ನಡುವಿನ ಆರೋಗ್ಯಧಾಮವೊಂದಕ್ಕೆ ಕರೆದೊಯ್ದಳು. ಆಡುವ ವಯಸ್ಸಿನ ಬಾಲಕ ದಿನವಿಡೀ ಒರಗುಕುರ್ಚಿಯಲ್ಲಿ ಮಲಗಿರಬೇಕಾಯಿತು. ಕೈಕಾಲುಗಳಿಗೆ ಕೆಲಸವಿಲ್ಲದಾಗ ಮನಸ್ಸು ತನ್ನ ಕೆಲಸವನ್ನು ತಾನೇ ಹುಡುಕಿಕೊಂಡಿತು. ತ್ರಿಕೋನವೊಂದರ ಮೂರು ಎತ್ತರಗಳನ್ನು ಮಾತ್ರ ಕೊಟ್ಟರೆ ಆ ತ್ರಿಕೋನವನ್ನು ರಚಿಸುವುದು ಹೇಗೆ ಎಂಬ ಸಮಸ್ಯೆಯನ್ನು ಅವನು ಕೈಗೆತ್ತಿಕೊಂಡು, ದಿನಗಟ್ಟಲೆ ಅದನ್ನೇ ಚಿಂತಿಸಿದ. ಆರು ವಾರಗಳು ಕಳೆದ ಮೇಲೆ ರೋಗದ ನಿರ್ಣಯವೇ ತಪ್ಪೆಂದು ತಿಳಿಯಿತು. ಅವನಿಗೆ ಕ್ಷಯ ಇರಲೇ ಇಲ್ಲ. ಆದರೆ ಆ ದಿನಗಳು ವ್ಯರ್ಥವಾಗಲಿಲ್ಲ. ಕಣ್ಣೆದುರಿಗೆ ಏನೂ ಇಲ್ಲದಿದ್ದರೂ ಬುದ್ಧಿಯೊಂದರಿಂದಲೇ ಒಂದು ಆಕೃತಿಯನ್ನು ಕಟ್ಟಬಹುದೆಂಬ ಅನುಭವ ಅವನಿಗೆ ಆಗ ಒದಗಿತು.

ಊರಿಗೆ ಮರಳಿದ ಯುಜೀನ್ ಬುಡಾಪೆಸ್ಟಿನ ಲೂಥರನ್ ಪ್ರೌಢಶಾಲೆಯನ್ನು ಸೇರಿದ. ಅಲ್ಲಿ ಗಣಿತದ ಉಪಾಧ್ಯಾಯರಾಗಿದ್ದವರು ಲಾಸ್ಲೋ ರಾಟ್ಸ್. ವಿದ್ಯಾರ್ಥಿಯಲ್ಲಿ ಆಸಕ್ತಿಯ ಒಂದು ಕಿಡಿ ಕಂಡರೆ ಸಾಕು, ಅದನ್ನು ಊದಿ ಉರಿಸುವ ಗುರು ಅವರು. ತಮ್ಮ ಸ್ವಂತ ಪುಸ್ತಕಗಳನ್ನು ಒಂದಾದಮೇಲೊಂದರಂತೆ ಯುಜೀನನಿಗೆ ಓದಲು ಕೊಟ್ಟರು. ಮುಂದೆ ಅರ್ಧ ಶತಮಾನ ಕಳೆದು, ಭೂಮಿಯ ಇನ್ನೊಂದು ಭಾಗದಲ್ಲಿ ನೆಲೆಸಿದ ಮೇಲೂ ವಿಗ್ನರ್ ತಮ್ಮ ಕೊಠಡಿಯ ಗೋಡೆಯ ಮೇಲೆ ಈ ಶಾಲಾಗುರುವಿನ ಭಾವಚಿತ್ರವನ್ನು ಇರಿಸಿಕೊಂಡಿದ್ದರು.

ಅದೇ ಶಾಲೆಯಲ್ಲಿ ಒಂದು ತರಗತಿ ಕೆಳಗೆ ಜಾನ್ ಫಾನ್ ನಾಯ್ಮನ್ ಎಂಬ ಬಾಲಕನಿದ್ದ. ಆ ಶತಮಾನದ ಅತ್ಯಂತ ಚುರುಕಾದ ಗಣಿತಜ್ಞರಲ್ಲಿ ಒಬ್ಬನಾಗಿ ಬೆಳೆಯಲಿದ್ದ ಅವನು, ವಯಸ್ಸಿನಲ್ಲಿ ಕಿರಿಯನಾಗಿದ್ದರೂ ನಡೆದಾಡುತ್ತಾ ಯುಜೀನನಿಗೆ ಉನ್ನತ ಗಣಿತದ ವಿಷಯಗಳನ್ನು ಹೇಳಿಕೊಡುತ್ತಿದ್ದ. ತನಗಿಂತ ಚಿಕ್ಕವನೊಬ್ಬ ತನಗಿಂತ ಬಹಳ ಮುಂದಿರುವುದನ್ನು ಕಂಡು ಯುಜೀನ್ ಮತ್ಸರಪಡಲಿಲ್ಲ, ಕಲಿತ. ಈ ಗೆಳೆತನ ಮುಂದೆ ಎರಡು ಬಾರಿ ಅವರ ವಿಜ್ಞಾನಕ್ಕೆ ಒದಗಿ ಬಂದಿತು.

ಶಾಲೆ ಮುಗಿಯುವ ವೇಳೆಗೆ ತಂದೆ ಮಗನನ್ನು ಕರೆದು, ಮುಂದೆ ಏನಾಗಬೇಕೆಂದಿರುವೆಯೆಂದು ಕೇಳಿದರು. ಭೌತವಿಜ್ಞಾನಿಯಾಗಬೇಕೆಂದು ಮಗ ಉತ್ತರಿಸಿದ. ಇಡೀ ಹಂಗೆರಿಯಲ್ಲಿ ಭೌತವಿಜ್ಞಾನಿಗಳಿಗೆ ಎಷ್ಟು ಉದ್ಯೋಗಗಳಿವೆಯೆಂಬುದು ತಂದೆಯ ಮುಂದಿನ ಪ್ರಶ್ನೆ. ನಾಲ್ಕು ಎಂದ ಯುಜೀನ್. ವಾಸ್ತವವಾಗಿ ಮೂರೇ ಇದ್ದವೇನೋ, ಮಗ ಒಂದನ್ನು ಕೂಡಿಸಿ ಹೇಳಿದ್ದ. ಆ ನಾಲ್ಕರಲ್ಲಿ ಒಂದು ತನಗೆ ದೊರೆತೀತೆಂಬ ಭರವಸೆಯಿದೆಯೇ ಎಂದು ತಂದೆ ಕೇಳಿದಾಗ ಅವನಲ್ಲಿ ಉತ್ತರವಿರಲಿಲ್ಲ. ರಸಾಯನ ಎಂಜಿನಿಯರಿಂಗ್ ಕಲಿತರೆ ಚರ್ಮದ ಕಾರ್ಖಾನೆಯಲ್ಲಿ ಕೆಲಸ ಖಚಿತ. ತಂದೆಯ ಮಾತಿನಲ್ಲಿ ಕಾಠಿಣ್ಯವಿರಲಿಲ್ಲ, ಲೋಕಾನುಭವವಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಹಂಗೆರಿ ಆಗ ತತ್ತರಿಸುತ್ತಿತ್ತು. ೧೯೧೯ರ ಕ್ರಾಂತಿಯ ಸಮಯದಲ್ಲಿ ಕುಟುಂಬವೇ ಕೆಲವು ತಿಂಗಳು ದೇಶ ಬಿಟ್ಟು ಆಸ್ಟ್ರಿಯದಲ್ಲಿ ತಲೆಮರೆಸಿಕೊಳ್ಳಬೇಕಾಗಿತ್ತು. ಮಗ ತಂದೆಯ ಮಾತನ್ನು ಒಪ್ಪಿಕೊಂಡ.

ಬುಡಾಪೆಸ್ಟಿನಲ್ಲಿ ಒಂದು ವರ್ಷ ಓದಿ, ೧೯೨೧ರಲ್ಲಿ ವಿಗ್ನರ್ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. ಹಗಲು ರಸಾಯನಶಾಲೆಯಲ್ಲಿ ದುಡಿಮೆ. ಆದರೆ ಮನಸ್ಸು ಇದ್ದದ್ದು ಬೇರೆಡೆ. ಭೌತವಿಜ್ಞಾನಿಗಳ ವಾರದ ಗೋಷ್ಠಿಯಲ್ಲಿ ಐನ್‌ಸ್ಟೈನ್, ಪ್ಲಾಂಕ್, ಲೌಯೆ, ನರ್ನ್ಸ್ಟ್ ಮೊದಲಾದ ಮಹನೀಯರು ಮುಂದಿನ ಸಾಲಿನಲ್ಲಿ ಕುಳಿತು ಚರ್ಚಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದವರಲ್ಲಿ ಈ ಯುವಕರೂ ಒಬ್ಬರು. ಮೈಕೇಲ್ ಪೊಲಾನಿ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ೧೯೨೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಕೊಟ್ಟ ಮಾತಿನಂತೆ ವಿಗ್ನರ್ ಬುಡಾಪೆಸ್ಟಿಗೆ ಮರಳಿ ಚರ್ಮದ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರು. ಆದರೆ ಅವರ ಮನಸ್ಸು ಚರ್ಮದ ಹದದಲ್ಲಿ ನಿಲ್ಲಲಿಲ್ಲ. ಕ್ವಾಂಟಂ ಸಿದ್ಧಾಂತ ಹೊಸ ರೂಪ ತಾಳುತ್ತಿದ್ದ ಕಾಲ ಅದು. ಮರುವರ್ಷವೇ ಬರ್ಲಿನ್ನಿನಿಂದ ಸಹಾಯಕನ ಕೆಲಸಕ್ಕೆ ಕರೆ ಬಂದಾಗ ಅವರು ಹೊರಟರು. ಮಗನ ಒಲವನ್ನು ಅರಿತ ತಂದೆ ಈ ಬಾರಿ ತಡೆಯಲಿಲ್ಲ.

ಬರ್ಲಿನ್ನಿನಲ್ಲಿ ಅವರಿಗೆ ದೊರೆತ ಕೆಲಸ ಹರಳುಗಳಿಗೆ ಸಂಬಂಧಿಸಿದ್ದು. ಉಪ್ಪಿನ ಹರಳನ್ನಾಗಲಿ ಸಕ್ಕರೆಯ ಹರಳನ್ನಾಗಲಿ ನೋಡಿದರೆ ಅದರ ಮುಖಗಳಲ್ಲಿ ಒಂದು ಕ್ರಮವಿರುತ್ತದೆ. ಒಳಗೆ ಪರಮಾಣುಗಳು ಒಂದು ಜಾಲದಂತೆ ಅಚ್ಚುಕಟ್ಟಾಗಿ ಕುಳಿತಿರುವುದೇ ಇದಕ್ಕೆ ಕಾರಣ. ರಂಗೋಲಿಯನ್ನು ಕಾಲುಸುತ್ತು ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುವ ಹಾಗೆ, ಹರಳನ್ನು ಕೆಲವು ರೀತಿಗಳಲ್ಲಿ ತಿರುಗಿಸಿದರೆ ಅದರ ವಿನ್ಯಾಸ ಬದಲಾಗುವುದಿಲ್ಲ. ಈ ಗುಣಕ್ಕೆ ಸಮಮಿತಿ ಎಂದು ಹೆಸರು. ಪರಮಾಣುಗಳು ಹೀಗೆ ಸಮಮಿತಿಯಿಂದ ಕೂಡಿದ ಸ್ಥಾನಗಳನ್ನೇ ಏಕೆ ಆರಿಸಿಕೊಳ್ಳುತ್ತವೆ ಎಂಬುದು ವಿಗ್ನರರಿಗೆ ಒಪ್ಪಿಸಿದ ಪ್ರಶ್ನೆಯಾಗಿತ್ತು. ಅದರ ಬೆನ್ನು ಹತ್ತಿದ ಅವರು ಸಮಮಿತಿಯ ನಿಯಮಗಳನ್ನು ಕ್ವಾಂಟಂ ಸಿದ್ಧಾಂತಕ್ಕೂ ಅನ್ವಯಿಸಬಹುದೆಂದು ಮನಗಂಡರು. ಲೆಕ್ಕ ಒಂದೆಡೆ ತೊಡಕಾದಾಗ ಬಾಲ್ಯದ ಗೆಳೆಯ ಫಾನ್ ನಾಯ್ಮನ್ನರನ್ನು ಕೇಳಿದರು. ಗಣಿತಜ್ಞರು ಅದಕ್ಕೆ ಬೇಕಾದ ಸಾಧನವನ್ನು ಗುಂಪುಗಳ ಸಿದ್ಧಾಂತವೆಂಬ ಶಾಖೆಯಲ್ಲಿ ಆಗಲೇ ಸಿದ್ಧಪಡಿಸಿಟ್ಟಿದ್ದಾರೆಂದು ತಿಳಿಸಿ, ಯಾವ ಬರಹಗಳನ್ನು ಓದಬೇಕೆಂಬುದನ್ನೂ ನಾಯ್ಮನ್ನರು ಸೂಚಿಸಿದರು. ಹಿರಿಯ ಭೌತವಿಜ್ಞಾನಿಗಳಲ್ಲಿ ಹಲವರಿಗೆ ಈ ಹೊಸ ಗಣಿತ ರುಚಿಸಲಿಲ್ಲ. ವಿಗ್ನರ್ ವಾದಕ್ಕಿಳಿಯದೆ, ೧೯೩೧ರಲ್ಲಿ ಆ ವಿಷಯವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಕ್ರಮೇಣ ಅದು ಎಲ್ಲರೂ ಕಲಿಯಬೇಕಾದ ಪಾಠವಾಯಿತು.

ಅಷ್ಟರಲ್ಲಿ, ೧೯೩೦ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ವಿಗ್ನರ್ ಮತ್ತು ಫಾನ್ ನಾಯ್ಮನ್ ಇಬ್ಬರನ್ನೂ ಆಹ್ವಾನಿಸಿತ್ತು. ವರ್ಷದಲ್ಲಿ ಸ್ವಲ್ಪ ಕಾಲ ಪ್ರಿನ್ಸ್‌ಟನ್ನಿನಲ್ಲಿ, ಉಳಿದ ಕಾಲ ಬರ್ಲಿನ್ನಿನಲ್ಲಿ ಅವರು ಪಾಠ ಹೇಳುತ್ತಿದ್ದರು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯಹೂದಿ ಮೂಲದವರನ್ನೆಲ್ಲ ವಿದ್ಯಾಲಯಗಳಿಂದ ಹೊರಹಾಕಿದಾಗ ವಿಗ್ನರರ ಬರ್ಲಿನ್ ಹುದ್ದೆಯೂ ಹೋಯಿತು. ತಾವು ಕಲಿತು ಬೆಳೆದ ವಿದ್ಯಾಕೇಂದ್ರ ಅವರ ಪಾಲಿಗೆ ಮುಚ್ಚಿಹೋಯಿತು, ಪರದೇಶವೇ ಮನೆಯಾಯಿತು.

ಪ್ರಿನ್ಸ್‌ಟನ್ನಿನಲ್ಲಿ ಅವರ ಮೊದಲ ಸಂಶೋಧನ ವಿದ್ಯಾರ್ಥಿ ಫ್ರೆಡರಿಕ್ ಸೈಟ್ಸ್. ಗುರುಶಿಷ್ಯರು ಕೂಡಿ ಸೋಡಿಯಂ ಲೋಹವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಸೋಡಿಯಂ ಪರಮಾಣುಗಳು ಪರಸ್ಪರ ಅಂಟಿಕೊಂಡು ಲೋಹವಾಗುವುದು ಏಕೆ, ಅವುಗಳ ನಡುವಿನ ಅಂತರ ಎಷ್ಟು ಎಂಬುದನ್ನು ಅಳತೆಯ ನೆರವಿಲ್ಲದೆ, ಕ್ವಾಂಟಂ ನಿಯಮಗಳಿಂದಲೇ ಲೆಕ್ಕಹಾಕಿ ತಿಳಿಯುವುದು ಅವರ ಗುರಿ. ಲೋಹದ ಒಂದು ಚೂರಿನಲ್ಲಿ ಎಣಿಸಲಾಗದಷ್ಟು ಎಲೆಕ್ಟ್ರಾನುಗಳಿರುತ್ತವೆ. ಎಲ್ಲದರ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಸಾಧ್ಯ. ವಿಗ್ನರ್ ಇಲ್ಲಿ ಸಮಮಿತಿಯ ನೆರವು ಪಡೆದರು. ಹರಳಿನಲ್ಲಿ ಎಲ್ಲ ಪರಮಾಣುಗಳ ಸುತ್ತಲ ಪರಿಸರವೂ ಒಂದೇ ತೆರನಾಗಿರುವುದರಿಂದ, ಹರಳನ್ನು ಜೇನುಗೂಡಿನ ಕೋಣೆಗಳಂತೆ ಪರಮಾಣುವಿಗೊಂದು ಕೋಶವಾಗಿ ವಿಭಾಗಿಸಬಹುದು. ಒಂದು ಕೋಶದ ಲೆಕ್ಕ ತಿಳಿದರೆ ಎಲ್ಲ ಕೋಶಗಳ ಲೆಕ್ಕವೂ ತಿಳಿದಂತೆಯೇ. ಆ ಒಂದು ಕೋಶದ ಲೆಕ್ಕವೂ ಸುಲಭದ್ದಾಗಿರಲಿಲ್ಲ. ಇಂದಿನ ಗಣಕಯಂತ್ರಗಳು ಆಗ ಹುಟ್ಟಿರಲಿಲ್ಲ. ಪರಮಾಣುವಿನ ಕೇಂದ್ರದಿಂದ ಹೊರಕ್ಕೆ ಹಂತ ಹಂತವಾಗಿ ಎಲೆಕ್ಟ್ರಾನಿನ ಅಲೆಯ ಬೆಲೆಯನ್ನು ಅಂಕಿಗಳಲ್ಲಿ ಕಂಡುಹಿಡಿಯುತ್ತ ಹೋಗಬೇಕಿತ್ತು. ೧೯೩೩ರಲ್ಲಿ ಫಲಿತಾಂಶ ಹೊರಬಿದ್ದಿತು. ಅಂಕಿಗಳ ಲೆಕ್ಕದಿಂದ ದೊರೆತ ಉತ್ತರ ಪ್ರಯೋಗಶಾಲೆಯ ಅಳತೆಗೆ ಹತ್ತಿರವಾಗಿತ್ತು. ನಿಜವಾದ ಒಂದು ಲೋಹದ ಗುಣಗಳನ್ನು ಮೂಲ ನಿಯಮಗಳಿಂದ ಲೆಕ್ಕಹಾಕಬಹುದೆಂಬುದು ಇದರಿಂದ ಸಿದ್ಧವಾಯಿತು.

ಆದರೆ ವಿಗ್ನರರಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಎಲೆಕ್ಟ್ರಾನುಗಳೆಲ್ಲ ಋಣವಿದ್ಯುತ್ತಿನ ಕಣಗಳು. ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಒಂದು ಎಲೆಕ್ಟ್ರಾನು ಇದ್ದಲ್ಲಿಗೆ ಮತ್ತೊಂದು ಸುಳಿಯಲು ಹಿಂಜರಿಯುತ್ತದೆ. ಈ ಪರಸ್ಪರ ವಿಕರ್ಷಣೆಯನ್ನು ಲೆಕ್ಕದೊಳಗೆ ಸರಿಯಾಗಿ ತರುವುದು ಹೇಗೆ? ಈ ಪ್ರಶ್ನೆಯನ್ನು ಕುರಿತು ಅವರು ೧೯೩೪ರಲ್ಲಿ ಬರೆದ ಲೇಖನದಲ್ಲಿಯೇ ಎಲೆಕ್ಟ್ರಾನುಗಳ ಹರಳಿನ ಕಲ್ಪನೆ ಮೊದಲ ಬಾರಿಗೆ ಕಾಣಿಸಿಕೊಂಡಿತು.

ಅವರ ತರ್ಕವನ್ನು ಅನುಸರಿಸಲು ಹೆಚ್ಚಿನ ಗಣಿತ ಬೇಕಿಲ್ಲ. ಎಲೆಕ್ಟ್ರಾನುಗಳ ಮೇಲೆ ಎರಡು ಪ್ರಭಾವಗಳು ಕೆಲಸ ಮಾಡುತ್ತಿರುತ್ತವೆ. ಒಂದು, ಪರಸ್ಪರ ವಿಕರ್ಷಣೆ. ಇದು ಅವುಗಳನ್ನು ಸಾಧ್ಯವಾದಷ್ಟು ದೂರ ದೂರ, ಸಮಾನ ಅಂತರದಲ್ಲಿ ನಿಲ್ಲಿಸಲು ಯತ್ನಿಸುತ್ತದೆ. ಇನ್ನೊಂದು, ಕ್ವಾಂಟಂ ನಿಯಮದಿಂದ ಬಂದ ಚಡಪಡಿಕೆ. ಕಣವನ್ನು ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದಷ್ಟೂ ಅದರ ಚಡಪಡಿಕೆ ಹೆಚ್ಚುತ್ತದೆ. ಇದು ಅವುಗಳನ್ನು ಒಂದೆಡೆ ನಿಲ್ಲಗೊಡುವುದಿಲ್ಲ. ಈಗ ಎಲೆಕ್ಟ್ರಾನುಗಳ ನಡುವಿನ ಅಂತರವನ್ನು ಎರಡು ಪಟ್ಟು ಹೆಚ್ಚಿಸಿದೆವೆನ್ನೋಣ. ವಿಕರ್ಷಣೆಯ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಚಡಪಡಿಕೆಯ ಶಕ್ತಿಯಾದರೋ ಕಾಲುಭಾಗಕ್ಕೆ ಇಳಿಯುತ್ತದೆ. ಅಂತರ ಹತ್ತು ಪಟ್ಟಾದರೆ ಮೊದಲನೆಯದು ಹತ್ತರಲ್ಲೊಂದು ಪಾಲಾಗುತ್ತದೆ, ಎರಡನೆಯದು ನೂರರಲ್ಲೊಂದು ಪಾಲಾಗುತ್ತದೆ. ಅಂದರೆ ಎಲೆಕ್ಟ್ರಾನುಗಳು ವಿರಳವಾಗುತ್ತ ಹೋದಂತೆ ಎರಡೂ ಕುಗ್ಗುತ್ತವೆಯಾದರೂ ಚಡಪಡಿಕೆ ಬಹು ಬೇಗ ಕುಗ್ಗುತ್ತದೆ. ಒಂದು ಹಂತದಲ್ಲಿ ವಿಕರ್ಷಣೆಯದೇ ಮೇಲುಗೈಯಾಗುತ್ತದೆ. ಆಗ ಎಲೆಕ್ಟ್ರಾನುಗಳು ಅಲೆದಾಟವನ್ನು ಬಿಟ್ಟು, ಸಮಾನ ಅಂತರದಲ್ಲಿ ಜಾಲದಂತೆ ನಿಂತು ಹರಳಾಗಬೇಕು.

ಇದು ಸಾಮಾನ್ಯ ಅನುಭವಕ್ಕೆ ತೀರ ವಿರುದ್ಧವಾದ ಮಾತು. ಒತ್ತೊತ್ತಾಗಿ ತುಂಬಿದಾಗ ವಸ್ತುಗಳು ಅಲುಗಾಡದೆ ನಿಲ್ಲುತ್ತವೆ, ಜಾಗ ದೊರೆತಾಗ ಚಲಿಸುತ್ತವೆ ಎಂಬುದು ನಮ್ಮ ತಿಳಿವಳಿಕೆ. ಎಲೆಕ್ಟ್ರಾನುಗಳ ಲೋಕದಲ್ಲಿ ಇದು ತಿರುವುಮುರುವು. ಅಲ್ಲಿ ದಟ್ಟಣೆಯೇ ಹರಿದಾಟಕ್ಕೆ ಕಾರಣ. ವಿರಳತೆಯೇ ಕ್ರಮಕ್ಕೆ ಕಾರಣ. ಇಂತಹ ಹರಳಿನಲ್ಲಿ ಪರಮಾಣುಗಳ ಪಾತ್ರವಿಲ್ಲ. ಎಲೆಕ್ಟ್ರಾನುಗಳೇ ತಮ್ಮ ಪರಸ್ಪರ ವಿರೋಧದಿಂದ ರಚಿಸಿಕೊಂಡ ಶಿಸ್ತು ಅದು. ಇದನ್ನು ಇಂದು ವಿಗ್ನರ್ ಹರಳು ಎಂದು ಕರೆಯುತ್ತಾರೆ.

ವಿಗ್ನರ್ ಈ ಹರಳನ್ನು ಒಂದು ಅದ್ಭುತವೆಂದು ಸಾರಲಿಲ್ಲ. ಅವರಿಗೆ ಅದು ಲೆಕ್ಕದ ಒಂದು ಕೊನೆಯಾಗಿತ್ತು. ಎಲೆಕ್ಟ್ರಾನುಗಳು ಬಹು ದಟ್ಟವಾಗಿದ್ದಾಗಿನ ಲೆಕ್ಕ ಒಂದು ತುದಿ. ಬಹು ವಿರಳವಾಗಿ ಹರಳಾಗಿದ್ದಾಗಿನ ಲೆಕ್ಕ ಇನ್ನೊಂದು ತುದಿ. ನಿಜವಾದ ಲೋಹಗಳು ಇವೆರಡರ ನಡುವೆ ಇವೆ. ಎರಡು ದಡಗಳು ತಿಳಿದಿದ್ದರೆ ನಡುವೆ ಸೇತುವೆ ಕಟ್ಟಬಹುದಷ್ಟೆ. ಹಾಗೆಯೇ ಅವರು ನಡುವಣ ಸ್ಥಿತಿಗೆ ಒಂದು ಸೂತ್ರವನ್ನು ಊಹಿಸಿ ಕೊಟ್ಟರು. ಹರಳಾಗುವುದು ಸರಿಯಾಗಿ ಯಾವ ಅಂತರದಲ್ಲಿ ಎಂಬುದನ್ನು ನಿಖರವಾಗಿ ಹೇಳುವ ಸಾಧನ ಮಾತ್ರ ಆ ಕಾಲದಲ್ಲಿ ಯಾರಲ್ಲಿಯೂ ಇರಲಿಲ್ಲ. ಪ್ರಶ್ನೆ ಹಾಗೆಯೇ ಉಳಿಯಿತು.

ಆ ವರ್ಷಗಳಲ್ಲಿ ಅವರ ಸ್ವಂತ ಬದುಕು ಕಷ್ಟಗಳಿಗೆ ಈಡಾಯಿತು. ಪ್ರಿನ್ಸ್‌ಟನ್ನಿನ ಹುದ್ದೆ ಮುಂದುವರಿಯಲಿಲ್ಲ. ೧೯೩೬ರಲ್ಲಿ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅಮೇಲಿಯ ಫ್ರಾಂಕ್ ಎಂಬ ಭೌತವಿಜ್ಞಾನಿಯನ್ನು ಆ ವರ್ಷದ ಡಿಸೆಂಬರಿನಲ್ಲಿ ವಿವಾಹವಾದರು. ಎಂಟು ತಿಂಗಳೂ ತುಂಬುವ ಮೊದಲೇ ಆಕೆ ಕ್ಯಾನ್ಸರಿನಿಂದ ತೀರಿಕೊಂಡರು. ದುಃಖದಿಂದ ಕುಗ್ಗಿದ ವಿಗ್ನರ್ ೧೯೩೮ರಲ್ಲಿ ಪ್ರಿನ್ಸ್‌ಟನ್ನಿಗೆ ಹಿಂದಿರುಗಿದರು. ೧೯೪೧ರಲ್ಲಿ ಮೇರಿ ವೀಲರ್ ಎಂಬ ಅಧ್ಯಾಪಕಿಯನ್ನು ಮದುವೆಯಾದ ಮೇಲೆ ಅವರ ಮನೆ ಮತ್ತೆ ಬೆಳಗಿತು, ಇಬ್ಬರು ಮಕ್ಕಳಾದರು.

ಯೂರೋಪಿನಲ್ಲಿ ಯುದ್ಧದ ಮೋಡ ಕವಿಯುತ್ತಿತ್ತು. ಯುರೇನಿಯಂ ಪರಮಾಣುವನ್ನು ಸೀಳಬಹುದೆಂಬ ಸುದ್ದಿ ಜರ್ಮನಿಯಿಂದ ಬಂದಾಗ, ಹಿಟ್ಲರನ ಕೈಗೆ ಪರಮಾಣು ಬಾಂಬು ಮೊದಲು ಸಿಕ್ಕರೆ ಗತಿಯೇನೆಂಬ ಭಯ ವಿಗ್ನರರನ್ನು ಆವರಿಸಿತು. ೧೯೩೯ರ ಜುಲೈ ತಿಂಗಳಲ್ಲಿ ಅವರು ಗೆಳೆಯ ಲಿಯೊ ಸಿಲಾರ್ಡರೊಡನೆ ಐನ್‌ಸ್ಟೈನರನ್ನು ಕಂಡು ವಿಷಯವನ್ನು ವಿವರಿಸಿದರು. ಐನ್‌ಸ್ಟೈನ್ ಜರ್ಮನ್ ಭಾಷೆಯಲ್ಲಿ ಹೇಳಿದ ಮೊದಲ ಪತ್ರವನ್ನು ಬರೆದುಕೊಂಡವರು ವಿಗ್ನರರೇ. ಮುಂದಿನ ತಿಂಗಳು ಅಧ್ಯಕ್ಷ ರೂಸ್‌ವೆಲ್ಟರಿಗೆ ಸಿದ್ಧವಾದ ಪ್ರಸಿದ್ಧ ಪತ್ರಕ್ಕೆ ಅದೇ ಮೊದಲು. ೧೯೪೨ರ ಡಿಸೆಂಬರ್ ೨ರಂದು ಶಿಕಾಗೊ ನಗರದಲ್ಲಿ ಎನ್ರಿಕೊ ಫರ್ಮಿಯವರ ನೇತೃತ್ವದಲ್ಲಿ ಪ್ರಪಂಚದ ಮೊದಲ ಪರಮಾಣು ರಿಯಾಕ್ಟರು ಕೆಲಸ ಮಾಡಿದಾಗ ವಿಗ್ನರ್ ಅಲ್ಲಿದ್ದರು. ಇಟಲಿಯೊಡನೆ ಯುದ್ಧ ಬಂದರೆ ಅಲ್ಲಿನ ದ್ರಾಕ್ಷಾರಸ ದೊರೆಯಲಾರದೆಂದು ಎಣಿಸಿ ಎಷ್ಟೋ ಮೊದಲೇ ಕೊಂಡಿಟ್ಟಿದ್ದ ಒಂದು ಸೀಸೆಯನ್ನು ಇಟಲಿಯವರಾದ ಫರ್ಮಿಯವರಿಗೆ ಅಂದು ಕೊಟ್ಟರು. ಎಲ್ಲರೂ ಕಾಗದದ ಲೋಟಗಳಲ್ಲಿ ಅದನ್ನು ಹಂಚಿಕೊಂಡು ಕುಡಿದರು, ಹರ್ಷೋದ್ಗಾರ ಕೇಳಿಬರಲಿಲ್ಲ. ತಾವು ಎಂತಹ ಶಕ್ತಿಯನ್ನು ಎಬ್ಬಿಸಿದ್ದೇವೆಂಬುದು ಅಲ್ಲಿದ್ದವರಿಗೆ ಗೊತ್ತಿತ್ತು.

ಅಂದು ಆ ರಿಯಾಕ್ಟರಿನಿಂದ ಹೊರಬಂದ ಶಕ್ತಿ ಅರ್ಧ ವಾಟ್ ಮಾತ್ರ. ಅದನ್ನು ಬೃಹತ್ ಪ್ರಮಾಣಕ್ಕೆ ಏರಿಸಿ, ನೀರಿನಿಂದ ತಂಪುಗೊಳಿಸುವ ರಿಯಾಕ್ಟರಿನ ವಿನ್ಯಾಸವನ್ನು ವಿಗ್ನರ್ ಮತ್ತು ಅವರ ತಂಡದವರು ಸಿದ್ಧಪಡಿಸಿದರು. ತಂದೆಯ ಒತ್ತಾಯಕ್ಕೆ ಕಲಿತ ರಸಾಯನ ಎಂಜಿನಿಯರಿಂಗ್ ಇಲ್ಲಿ ಉಪಯೋಗಕ್ಕೆ ಬಂದಿತು. ಹ್ಯಾನ್‌ಫರ್ಡ್ ಎಂಬಲ್ಲಿ ಕಟ್ಟಿದ ಆ ರಿಯಾಕ್ಟರುಗಳು ತಯಾರಿಸಿದ ಪ್ಲುಟೋನಿಯಮ್ಮೇ ೧೯೪೫ರ ಆಗಸ್ಟ್ ೯ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿ ಇದ್ದದ್ದು. ಅಷ್ಟರಲ್ಲಿ ಜರ್ಮನಿ ಶರಣಾಗತವಾಗಿತ್ತು. ವಿಗ್ನರರನ್ನು ಈ ಕೆಲಸಕ್ಕೆ ಎಳೆದಿದ್ದ ಭಯಕ್ಕೆ ಕಾರಣ ಉಳಿದಿರಲಿಲ್ಲ. ಜಪಾನಿಗೆ ಷರತ್ತುಗಳನ್ನು ತಿಳಿಸಿ ಶರಣಾಗಲು ಅವಕಾಶ ಕೊಡದೆ ಬಾಂಬನ್ನು ಪ್ರಯೋಗಿಸಬಾರದೆಂದು ಆ ಜುಲೈ ತಿಂಗಳಲ್ಲಿ ಸಿಲಾರ್ಡ್ ಸಿದ್ಧಪಡಿಸಿದ ಮನವಿಗೆ ಸಹಿ ಹಾಕಿದ ಎಪ್ಪತ್ತು ಜನರಲ್ಲಿ ವಿಗ್ನರರೂ ಒಬ್ಬರು. ಆ ಮನವಿ ಫಲಿಸಲಿಲ್ಲ. ಲೆಕ್ಕ ಮಾಡಿದವನ ಕೈಯಿಂದ ಲೆಕ್ಕದ ಫಲ ತಪ್ಪಿಹೋಗುವುದುಂಟು ಎಂಬ ಕಹಿಸತ್ಯ ಅವರ ಬದುಕಿನಲ್ಲಿ ಹೀಗೆ ಸೇರಿಕೊಂಡಿತು.

ಯುದ್ಧಾನಂತರ ಅವರು ಮತ್ತೆ ಪ್ರಿನ್ಸ್‌ಟನ್ನಿನ ಅಧ್ಯಾಪಕರಾದರು. ೧೯೬೩ರಲ್ಲಿ ಸಮಮಿತಿಯ ತತ್ತ್ವಗಳನ್ನು ಪರಮಾಣು ಬೀಜಕ್ಕೂ ಮೂಲಕಣಗಳಿಗೂ ಅನ್ವಯಿಸಿದುದಕ್ಕಾಗಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ದೊರೆಯಿತು. ಅವರ ಶಿಷ್ಯ ಜಾನ್ ಬಾರ್ಡೀನ್ ೧೯೫೬ ಮತ್ತು ೧೯೭೨ರಲ್ಲಿ, ಎರಡು ಬಾರಿ, ಭೌತವಿಜ್ಞಾನದ ನೊಬೆಲ್ ಪಡೆದರು. ಎರಡನೆಯದು ಬಂದದ್ದು, ಕೆಲವು ಲೋಹಗಳನ್ನು ಅತಿಯಾಗಿ ತಂಪುಗೊಳಿಸಿದಾಗ ಎಲೆಕ್ಟ್ರಾನುಗಳು ಜೋಡಿಗೂಡಿ ಯಾವ ತಡೆಯೂ ಇಲ್ಲದೆ ಹರಿಯುತ್ತವೆಂಬ ಅತಿವಾಹಕತೆಯನ್ನು ವಿವರಿಸಿದುದಕ್ಕಾಗಿ. ಎಲೆಕ್ಟ್ರಾನುಗಳು ನಿಂತು ಹರಳಾಗಬಲ್ಲವೆಂದು ಗುರು ತೋರಿಸಿದರೆ, ಅವು ಎಡೆತಡೆಯಿಲ್ಲದೆ ಹೇಗೆ ಹರಿಯಬಲ್ಲವೆಂಬುದನ್ನು ಶಿಷ್ಯ ವಿವರಿಸಿದರು.

ಇತ್ತ ೧೯೩೪ರ ಪ್ರಶ್ನೆ ಮತ್ತೆ ತಲೆಯೆತ್ತಿತು. ೧೯೭೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗ್ರೈಮ್ಸ್ ಮತ್ತು ಆಡಮ್ಸ್ ಎಂಬವರು ದ್ರವ ಹೀಲಿಯಮ್ಮಿನ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳನ್ನು ವಿರಳವಾಗಿ ಹರಡಿ ತಂಪುಗೊಳಿಸಿದರು. ನಿರಪೇಕ್ಷ ಶೂನ್ಯದಿಂದ ಅರ್ಧ ಡಿಗ್ರಿಗಿಂತಲೂ ಕಡಿಮೆ ಅಂತರದ ಶೈತ್ಯದಲ್ಲಿ ಅವು ಹರಳಾಗಿ ಸಾಲುಗೂಡಿದ ಕುರುಹು ದೊರೆಯಿತು. ಅಲ್ಲಿ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತಿದ್ದುದು ಶಾಖವೇ ಹೊರತು ವಿಗ್ನರ್ ಲೆಕ್ಕಹಾಕಿದ್ದ ಕ್ವಾಂಟಂ ಚಡಪಡಿಕೆಯಲ್ಲ. ಆ ಚಡಪಡಿಕೆಯನ್ನು ಒಳಗೊಂಡ ಉತ್ತರ ಬಂದದ್ದು ಮರುವರ್ಷ, ಕ್ಯಾಲಿಫೋರ್ನಿಯದ ಡೇವಿಡ್ ಸೆಪರ್ಲಿ ಮತ್ತು ಬರ್ನಿ ಆಲ್ಡರ್ ಅವರ ಗಣಕಯಂತ್ರದಿಂದ.

ಅವರು ಅನುಸರಿಸಿದ ವಿಧಾನಕ್ಕೆ ಮಾಂಟೆ ಕಾರ್ಲೊ ಎಂದು ಹೆಸರು. ಜೂಜಿಗೆ ಪ್ರಸಿದ್ಧವಾದ ಊರೊಂದರಿಂದ ಬಂದ ಹೆಸರದು. ಅಸಂಖ್ಯ ಸಾಧ್ಯತೆಗಳನ್ನೆಲ್ಲ ಎಣಿಸಲಾಗದಿದ್ದಾಗ, ಪಗಡೆಯ ದಾಳ ಉರುಳಿಸಿದಂತೆ ಅವುಗಳಲ್ಲಿ ಕೆಲವನ್ನು ಆಕಸ್ಮಿಕವಾಗಿ ಆರಿಸುತ್ತ, ಸಂಭವ ಹೆಚ್ಚಿರುವ ಕಡೆಗೆ ಹೆಚ್ಚು ಸಲ ಹೋಗುತ್ತ, ಸರಾಸರಿಯನ್ನು ಕಂಡುಹಿಡಿಯುವ ವಿಧಾನ ಇದು. ಇದನ್ನು ಎರಡನೆಯ ಮಹಾಯುದ್ಧದ ಅನಂತರ ರೂಪಿಸಿದವರಲ್ಲಿ ಮುಖ್ಯರು ಸ್ಟಾನಿಸ್ಲಾವ್ ಉಲಾಮ್ ಮತ್ತು ಫಾನ್ ನಾಯ್ಮನ್. ಬುಡಾಪೆಸ್ಟಿನ ಶಾಲೆಯ ಕಿರಿಯ ಗೆಳೆಯ ೧೯೫೭ರಲ್ಲಿಯೇ ತೀರಿಕೊಂಡಿದ್ದರೂ ಅವರು ಬಿಟ್ಟುಹೋದ ವಿಧಾನ ಹಿರಿಯ ಗೆಳೆಯನ ಊಹೆಯನ್ನು ಹೀಗೆ ಪರೀಕ್ಷೆಗೆ ಒಡ್ಡಿತು. ಗಣಕಯಂತ್ರ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ಒಂದೊಂದು ಎಲೆಕ್ಟ್ರಾನಿನ ಪಾಲಿಗೆ ಬರುವ ಜಾಗವನ್ನು ಒಂದು ಗೋಳವೆಂದು ಭಾವಿಸಿದರೆ, ಅದರ ತ್ರಿಜ್ಯ ಜಲಜನಕ ಪರಮಾಣುವಿನ ತ್ರಿಜ್ಯದ ಸುಮಾರು ೧೦೦ ಪಟ್ಟಾದಾಗ ಎಲೆಕ್ಟ್ರಾನುಗಳು ಹರಳಾಗುತ್ತವೆ. ಸಾಮಾನ್ಯ ಲೋಹಗಳಲ್ಲಿ ಈ ಸಂಖ್ಯೆ ೨ರಿಂದ ೬ ಮಾತ್ರ. ಸೋಡಿಯಮ್ಮಿನಲ್ಲಿ ಸುಮಾರು ೪. ಎಂದರೆ ಎಲೆಕ್ಟ್ರಾನುಗಳು ಸೋಡಿಯಮ್ಮಿನಲ್ಲಿ ಇರುವುದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ವಿರಳವಾಗಬೇಕು. ಮನೆಯ ತಂತಿಗಳಲ್ಲಿ ವಿದ್ಯುತ್ತು ಹರಳುಗಟ್ಟಿ ನಿಲ್ಲದಿರುವುದಕ್ಕೆ ಕಾರಣ ಇದೇ. ಆ ಲೆಕ್ಕದ ಅಂಕಿಗಳು ಅಲ್ಲಿಗೇ ನಿಲ್ಲಲಿಲ್ಲ. ಹೊಸ ಹೊಸ ವಸ್ತುಗಳ ಗುಣಗಳನ್ನು ತಯಾರಿಕೆಗೆ ಮೊದಲೇ ಗಣಕಯಂತ್ರದಲ್ಲಿ ಕಂಡುಕೊಳ್ಳುವವರಿಗೆ ಅವು ಆಧಾರವಾದವು.

ವಿಗ್ನರ್ ತಮ್ಮ ಸೌಜನ್ಯಕ್ಕೆ ಹೆಸರಾಗಿದ್ದರು. ಬಾಗಿಲ ಬಳಿ ಯಾರೇ ಎದುರಾಗಲಿ, ವಿದ್ಯಾರ್ಥಿಯೇ ಆಗಲಿ, ಅವರನ್ನು ಮುಂದೆ ಬಿಡದೆ ತಾವು ದಾಟುತ್ತಿರಲಿಲ್ಲ. ಉಪನ್ಯಾಸಕಾರನ ತಪ್ಪನ್ನು ಎತ್ತಿ ತೋರಿಸುವಾಗಲೂ, ತಮಗೆ ಅರ್ಥವಾಗಲಿಲ್ಲ ಎಂಬಂತೆ ವಿನಯದಿಂದ ಪ್ರಶ್ನೆ ಕೇಳುತ್ತಿದ್ದರು. ಮನುಷ್ಯನ ಮನಸ್ಸು ಕಟ್ಟಿದ ಗಣಿತ ಪ್ರಕೃತಿಗೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದೇಕೆ ಎಂಬ ವಿಸ್ಮಯ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲ. ೧೯೬೦ರಲ್ಲಿ ಅದನ್ನು ಕುರಿತು ಅವರು ಬರೆದ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ. ೧೯೯೫ರ ಜನವರಿ ೧ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಪ್ರಿನ್ಸ್‌ಟನ್ನಿನಲ್ಲಿ ಅವರು ನಿಧನರಾದರು.

೨೦೨೪ರಲ್ಲಿ ಅದೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಇಂಗಾಲದ ಪರಮಾಣುಗಳ ಎರಡೇ ಪದರಗಳಿರುವ ಹಾಳೆಯೊಂದರಲ್ಲಿ, ತೀವ್ರವಾದ ಶೈತ್ಯದಲ್ಲಿಯೂ 
ಪ್ರಬಲವಾದ ಕಾಂತಕ್ಷೇತ್ರದಲ್ಲಿಯೂ ಎಲೆಕ್ಟ್ರಾನುಗಳನ್ನು ಪರೀಕ್ಷಿಸಿದರು. ಅತಿ ಸೂಕ್ಷ್ಮವಾದ ಸೂಜಿಮೊನೆಯಿಂದ ಮೇಲ್ಮೈಯನ್ನು ಸವರುತ್ತ ಹೋಗುವ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನುಗಳು ತ್ರಿಕೋನಗಳ ಜಾಲವಾಗಿ, ಸಮಾನ ಅಂತರದಲ್ಲಿ ನಿಂತಿರುವ ಚಿತ್ರ ಮೂಡಿತು. ಅವುಗಳನ್ನು ಹಾಗೆ ನಿಲ್ಲಿಸಿದ್ದು ಆಧಾರದ ಪರಮಾಣುಗಳಲ್ಲ, ಅವುಗಳ ಪರಸ್ಪರ ವಿಕರ್ಷಣೆ. ೧೯೩೪ರ ಲೇಖನ ಹೇಳಿದ್ದುದು ಅದನ್ನೇ.

ಎಲೆಕ್ಟ್ರಾನುಗಳ ವಿಚಿತ್ರ ಸ್ಥಿತಿಗಳ ಶೋಧನೆ ಇನ್ನೂ ಮುಗಿದಿಲ್ಲ. ೧೯೮೬ರಲ್ಲಿ ಪತ್ತೆಯಾದ ಹೊಸ ಬಗೆಯ ಅತಿವಾಹಕಗಳಿಗೆ ಎಲ್ಲರೂ ಒಪ್ಪುವ ವಿವರಣೆ ಇಂದಿಗೂ ದೊರೆತಿಲ್ಲ; ಬಲಿಷ್ಠವಾದ ಗಣಕಯಂತ್ರಗಳು ಅದಕ್ಕಾಗಿ ದುಡಿಯುತ್ತಿವೆ. ಯಂತ್ರ ಕೋಟಿಗಟ್ಟಲೆ ಅಂಕಿಗಳನ್ನು ಕ್ಷಣಾರ್ಧದಲ್ಲಿ ಕೂಡಿಸಬಲ್ಲದು. ಆದರೆ ಯಾವುದನ್ನು ಕೂಡಿಸಬೇಕು, ಬಂದ ಮೊತ್ತ ಏನನ್ನು ಹೇಳುತ್ತದೆ ಎಂಬುದನ್ನು ಮನುಷ್ಯನೇ ತಿಳಿಯಬೇಕು. ಎರಡು ಶಕ್ತಿಗಳಲ್ಲಿ ಯಾವುದು ಬೇಗ ಕುಗ್ಗುತ್ತದೆ ಎಂಬ ಸರಳವಾದ ಪ್ರಶ್ನೆಯನ್ನು ಕೇಳಿಕೊಂಡುದರಿಂದಲೇ ವಿಗ್ನರರಿಗೆ ಕಾಣದ ಹರಳು ಕಂಡಿತು. ತಮ್ಮ ಕಾಲದಲ್ಲಿ ಅದಕ್ಕೆ ಚಿತ್ರದ ಸಾಕ್ಷಿ ದೊರೆಯದಿದ್ದರೂ ಅವರು ಲೆಕ್ಕವನ್ನು ಸರಿಯಾಗಿ ಮಾಡಿ, ಮುಂದಿನವರಿಗೆ ಬಿಟ್ಟುಹೋದರು.